ಏನೂ ಕೊಳ್ಳದ ಗಿರಾಕಿ

ಅವಳ ಕೆಲಸ ಏನು ಎಂದು ಯಾರಾದರೂ ಕೇಳಿದರೆ ಉತ್ತರ ಚಿಕ್ಕದು. ಫ್ರಿಜ್ಜಿನ ಬಾಗಿಲು ತೆಗೆಯುವುದು, ಮುಚ್ಚುವುದು. ಕೇಳಿದವರು ನಗುತ್ತಿದ್ದರು. ಅದಕ್ಕೂ ಸಂಬಳ ಕೊಡುತ್ತಾರಾ ಎಂದು ಕೆಲವರು, ಆ ಕೆಲಸ ನಮ್ಮ ಮನೆ ಮಕ್ಕಳು ದಿನವಿಡೀ ಪುಕ್ಕಟೆ ಮಾಡ್ತಾವೆ ಎಂದು ಕೆಲವರು. ಅವರ ಜೊತೆ ತಾನೂ ಒಂದಿಷ್ಟು ನಕ್ಕು ಸುಮ್ಮನಾಗುತ್ತಿದ್ದಳು. ಸುಮ್ಮನಾಗುವುದು ಅವಳಿಗೆ ಹುಟ್ಟಿನಿಂದಲೇ ಬಂದದ್ದು.

ಅಂಗಡಿಗಳಲ್ಲಿ ಹಾಲು, ಬೆಣ್ಣೆ, ತಂಪು ಪಾನೀಯ ಇಡುವ ಆಳೆತ್ತರದ ಗಾಜಿನ ಬಾಗಿಲ ಫ್ರಿಜ್ಜುಗಳಿರುತ್ತವಲ್ಲ, ಅವು ಹಗಲೂ ರಾತ್ರಿ ಕರೆಂಟು ಕುಡಿಯುತ್ತಲೇ ಇರುತ್ತವೆ. ಯಾವುದು ಎಷ್ಟು ಕುಡಿಯುತ್ತದೆಂದು ಅಳೆದು, ಅದಕ್ಕೊಂದು ದರ್ಜೆ ಕೊಟ್ಟು, ಬಣ್ಣದ ಗೆರೆಗಳ ಚೀಟಿ ಅಂಟಿಸಿದ ಮೇಲೆಯೇ ಮಾರಬೇಕು ಎಂದು ಸರ್ಕಾರ ನಿಯಮ ಮಾಡಿತ್ತು. ಮೇಲಿನ ದರ್ಜೆ ಎ, ಕೊನೆಯದು ಜಿ. ಜಿಗಿಂತಲೂ ಕೆಳಗೆ ಬಿದ್ದದ್ದನ್ನು ಮಾರುವ ಹಾಗೇ ಇಲ್ಲ. ಅಳೆಯುವ ಕೇಂದ್ರ ಊರಾಚೆ, ಗೋದಾಮುಗಳ ನಡುವೆ ಇತ್ತು. ಅದರೊಳಗೆ ಕೋಣೆಯೊಳಗೊಂದು ಕೋಣೆ. ಹೊರಗೆ ಬಿಸಿಲು ಸುಡಲಿ, ಚಳಿ ಕೊರೆಯಲಿ, ಆ ಒಳಕೋಣೆಯ ಗಾಳಿ ಮಾತ್ರ ಸದಾ ಒಂದೇ ಹದ, ಒಂದೇ ತೇವ. ಅಲ್ಲಿ ಫ್ರಿಜ್ಜು ನಿಲ್ಲಿಸಿ, ಆಹಾರದ ಬದಲು ಜೆಲ್ಲಿ ತುಂಬಿದ ಪ್ಯಾಕೆಟ್ಟುಗಳನ್ನು ಶೆಲ್ಫುಗಳಲ್ಲಿ ಇಟ್ಟಿಗೆ ಪೇರಿಸಿದ ಹಾಗೆ ಪೇರಿಸುತ್ತಿದ್ದರು. ಕೆಲವು ಪ್ಯಾಕೆಟ್ಟುಗಳ ಹೊಟ್ಟೆಯಲ್ಲಿ ಶಾಖ ಅಳೆಯುವ ತಂತಿ. ಇಷ್ಟೆಲ್ಲ ಆದ ಮೇಲೆ ಬೇಕಾದದ್ದು ಗಿರಾಕಿ. ಅಂಗಡಿಗೆ ಜನ ಬಂದು ಬಾಗಿಲು ತೆಗೆಯುವ ಹಾಗೆ ಇಲ್ಲಿಯೂ ಯಾರಾದರೂ ಹತ್ತು ನಿಮಿಷಕ್ಕೊಮ್ಮೆ ಬಾಗಿಲು ತೆಗೆದು, ಸ್ವಲ್ಪ ಹಿಡಿದು, ಮುಚ್ಚಬೇಕು. ಆ ‘ಯಾರಾದರೂ’ ಅಂದರೆ ಅವಳು. ಅದಕ್ಕೇ ಕೇಂದ್ರದಲ್ಲಿ ಅವಳ ಹೆಸರು ಗಿರಾಕಮ್ಮ. ಬೆಳಗ್ಗೆಯಿಂದ ಸಂಜೆಯವರೆಗೆ ಬಾಗಿಲು ತೆಗೆದು ನೋಡಿ, ಏನೂ ಕೊಳ್ಳದೆ ಹೋಗುವ ಗಿರಾಕಿ.

ಬಾಗಿಲು ತೆಗೆಯುವುದರ ನಡುವೆ ಅವಳು ಗೋಡೆ ಬದಿಯ ಸ್ಟೂಲಿನ ಮೇಲೆ ಕೂರುತ್ತಿದ್ದಳು. ಜೋರಾಗಿ ಓಡಾಡುವ ಹಾಗಿಲ್ಲ, ಗಾಳಿ ಅಲುಗುತ್ತದೆ. ಇನ್ನೊಬ್ಬರನ್ನು ಒಳಗೆ ಕರೆಯುವ ಹಾಗಿಲ್ಲ, ಮೈಶಾಖ ಲೆಕ್ಕಕ್ಕೆ ಸೇರುತ್ತದೆ. ಗಾಜಿನ ಕಿಟಕಿಯ ಆಚೆ ಮೀಟರುಗಳ ಎದುರು ಕೂತಿರುತ್ತಿದ್ದ ಜೊತೆಗಾರ ಏನಾದರೂ ಬೇಕಾದರೆ ಕೈಸನ್ನೆ ಮಾಡುತ್ತಿದ್ದ. ಕೆಲಸಕ್ಕೆ ಸೇರಿದವರಲ್ಲಿ ಹೆಚ್ಚಿನವರು ಈ ಜೈಲು ನಮಗೆ ಬೇಡ ಎಂದು ಬೇರೆ ವಿಭಾಗ ಕೇಳಿಕೊಂಡು ಹೋದರು. ಅವಳು ಮಾತ್ರ ಉಳಿದಳು. ಮಾತಾಡದಿದ್ದರೆ ಯಾರೂ ತಪ್ಪು ತಿಳಿಯದ ಜಾಗ ಅವಳ ಪಾಲಿಗೆ ಅದೊಂದೇ ಆಗಿತ್ತು.

ಯಾಕೆಂದರೆ ಮನೆಯಲ್ಲಿ ತಪ್ಪು ತಿಳಿದಿದ್ದರು. ಅವಳ ಗಂಡ ಕೆಟ್ಟವನೇನಲ್ಲ. ಕುಡಿತವಿಲ್ಲ, ಕೈಮಾಡಿದವನಲ್ಲ. ಸಂಜೆ ಮನೆಗೆ ಬಂದು ದಿನದ ಸುದ್ದಿಯನ್ನೆಲ್ಲ ಹೇಳುತ್ತಿದ್ದ, ಇವಳು ಕೇಳುತ್ತಿದ್ದಳು. ಇವಳಿಗೆ ಅವನ ಮಾತು ಕೇಳುವುದು ನಿಜವಾಗಿಯೂ ಇಷ್ಟ, ಆದರೆ ಇಷ್ಟ ಎಂದು ಹೇಳಬೇಕು ಅನ್ನುವುದೇ ತೋಚುತ್ತಿರಲಿಲ್ಲ. ಕೆಲವು ವರ್ಷ ಕಳೆದ ಮೇಲೆ ಅವನು ಸುದ್ದಿ ಹೇಳುವುದನ್ನು ಬಿಟ್ಟ. ಆಮೇಲೊಂದು ದಿನ ಬಟ್ಟೆ ತುಂಬಿಕೊಂಡು, ಬಾಗಿಲ ಹತ್ತಿರ ನಿಂತು, “ನಿನ್ನ ಜೊತೆ ಇದ್ದರೂ ಒಂದೇ, ಯಾರೂ ಇಲ್ಲದಿದ್ದರೂ ಒಂದೇ ಅನ್ನಿಸುತ್ತೆ” ಅಂದ. ಬೈದಿದ್ದರೆ ಅವಳೂ ಒಂದು ಮಾತು ಆಡುತ್ತಿದ್ದಳೇನೋ. ಅವನು ಬೈಯಲಿಲ್ಲ, ದುಃಖದಿಂದ ಹೇಳಿದ. ಅವನು ಮೆಟ್ಟಿಲಿಳಿದು ಬೀದಿ ತಿರುವು ದಾಟುವವರೆಗೂ ಅವಳು ಚಿಲಕ ಹಿಡಿದುಕೊಂಡೇ ನಿಂತಿದ್ದಳು.

ಆಮೇಲೆ ಎರಡನೇ ಮಹಡಿಯಲ್ಲಿ ಒಂದು ಕೋಣೆ, ಒಂದು ಅಡುಗೆಮನೆಯ ಬಾಡಿಗೆ ಮನೆ. ಒಬ್ಬಳೇ ತಂಗಿ ದೂರದ ಊರಿನಲ್ಲಿ ಸಂಸಾರ ಮಾಡಿಕೊಂಡಿದ್ದಳು, ಭಾನುವಾರ ಫೋನ್ ಮಾಡುತ್ತಿದ್ದಳು. ಮಕ್ಕಳ ಪರೀಕ್ಷೆ, ಅತ್ತೆಯ ಮಂಡಿನೋವು, ಎದುರುಮನೆಯವರ ಜಗಳ, ಎಲ್ಲ ಹೇಳಿ ಮುಗಿಸಿ ಕೊನೆಗೆ, “ಮತ್ತೆ ಅಕ್ಕ, ನಿನ್ನದೇನು?” ಅನ್ನುತ್ತಿದ್ದಳು. “ಏನಿಲ್ಲ, ಎಲ್ಲ ಹಾಗೇ” ಅನ್ನುತ್ತಿದ್ದಳು ಇವಳು. ಫೋನ್ ಇಟ್ಟ ಮೇಲೆ ಆ ವಾರದಲ್ಲಿ ಹೇಳಬಹುದಾಗಿದ್ದ ಒಂದೆರಡು ಸಂಗತಿ ನೆನಪಾಗುತ್ತಿದ್ದವು. ಅಷ್ಟಕ್ಕೇ ಮತ್ತೆ ಫೋನ್ ಮಾಡುತ್ತಾರೆಯೇ? ಮುಂದಿನ ವಾರಕ್ಕೆ ಅವು ಹಳಸಿರುತ್ತಿದ್ದವು.

ಅಂಗಡಿಗೆ ಹೋದರೂ ಅವಳ ಕೈ ಸುಮ್ಮನಿರುತ್ತಿರಲಿಲ್ಲ. ಯಾರೋ ಅರೆ ತೆರೆದು ಬಿಟ್ಟ ಫ್ರಿಜ್ಜಿನ ಬಾಗಿಲು ಕಂಡರೆ ಹೋಗಿ ಮುಚ್ಚುತ್ತಿದ್ದಳು. ಒಮ್ಮೆ ಅವಳನ್ನು ಅಂಗಡಿಯವಳೆಂದೇ ತಿಳಿದು ಒಬ್ಬಾಕೆ ಬೆಣ್ಣೆ ಎಲ್ಲಿದೆ ಎಂದು ಕೇಳಿದ್ದಳು. ಅವಳು ತೋರಿಸಿಯೂ ಕೊಟ್ಟಳು. ಆ ದಿನ ಅಪರಿಚಿತರೊಬ್ಬರ ಜೊತೆ ಆಡಿದ ಮಾತು ಅದೊಂದೇ.

ಹೀಗಿರುವಾಗ ಪೆಟ್ಟಿಗೆ ಮೇಸ್ತ್ರಿ ಬಂದರು.

ಅರವತ್ತು ದಾಟಿದ ಮನುಷ್ಯ, ಕುಳ್ಳು, ಕೈಗಳು ಮಾತ್ರ ದೊಡ್ಡವು. ಊರಿನ ಇನ್ನೊಂದು ತುದಿಯಲ್ಲಿ ತಗಡಿನ ಶೆಡ್ಡು ಹಾಕಿಕೊಂಡು, ಚಿಕ್ಕ ಅಂಗಡಿಗಳಿಗೆ ಗಾಜಿನ ಬಾಗಿಲ ಫ್ರಿಜ್ಜು ಮಾಡಿಕೊಡುತ್ತಿದ್ದರು. ಫ್ರಿಜ್ಜು ಅನ್ನುವ ಮಾತನ್ನೇ ಅವರು ಆಡುತ್ತಿರಲಿಲ್ಲ, ಪೆಟ್ಟಿಗೆ ಅನ್ನುತ್ತಿದ್ದರು. ದೊಡ್ಡ ಕಂಪನಿಗಳ ಮಾಲು ಇಡಲು ಜಾಗವಿಲ್ಲದ ಗೂಡಂಗಡಿಗಳಿಗೆ, ಮೂಲೆಯ ಅಳತೆ ತೆಗೆದು, ಬಟ್ಟೆ ಹೊಲಿದ ಹಾಗೆ ಹೊಲಿದು ಕೊಡುತ್ತಿದ್ದರು. ಈಗ ನಿಯಮ ಬಂದು, ಅವರೂ ಒಂದು ಪೆಟ್ಟಿಗೆ ತಂದು ಪರೀಕ್ಷೆಗೆ ಒಪ್ಪಿಸಲೇಬೇಕಾಯಿತು. ತಯಾರಕರು ಬೇಕಾದರೆ ಗಾಜಿನ ಆಚೆ ಕೂತು ನೋಡಬಹುದು. ಕಂಪನಿಯವರು ಯಾರೂ ಹಾಗೆ ಕೂರುತ್ತಿರಲಿಲ್ಲ. ಮೇಸ್ತ್ರಿ ಬೆಂಚಿನ ಮೇಲೆ ಊಟದ ಡಬ್ಬಿ ಪಕ್ಕಕ್ಕಿಟ್ಟುಕೊಂಡು, ಹೆರಿಗೆ ಆಸ್ಪತ್ರೆಯ ಹೊರಗೆ ಕೂತ ಗಂಡನ ಹಾಗೆ ಕೂತರು.

ಮಧ್ಯಾಹ್ನದ ಬಿಡುವಿಗೆ ಅವಳ ಜಾಗದಲ್ಲಿ ಜೊತೆಗಾರ ಹೋದ. ಅವಳು ಹೊರಬಂದು ಬೆಂಚಿನ ಇನ್ನೊಂದು ತುದಿಯಲ್ಲಿ ಕೂತಳು. ಮೇಸ್ತ್ರಿ ತಾವಾಗಿಯೇ ಶುರು ಮಾಡಿದರು.

“ಎಷ್ಟು ಮೆತ್ತಗೆ ಮುಚ್ಚುತ್ತೀರಿ ತಂಗೀ ಬಾಗಿಲನ್ನ. ಅಂಗಡೀಲಿ ಯಾರೂ ಅಷ್ಟು ಮರ್ಯಾದೆ ಕೊಡಲ್ಲ ಅದಕ್ಕೆ. ಮೊಣಕೈಯಲ್ಲಿ ತಳ್ತಾರೆ, ಕಾಲಲ್ಲಿ ಒದೀತಾರೆ.”

ತಂಗೀ ಎಂದು ಅವಳನ್ನು ಕರೆದವರು ಅದುವರೆಗೆ ಯಾರೂ ಇರಲಿಲ್ಲ, ಮನೆಯಲ್ಲಿ ಅವಳೇ ದೊಡ್ಡವಳು. ಏನು ಹೇಳಬೇಕೋ ತಿಳಿಯದೆ, “ಒಂದೇ ಥರ ಮುಚ್ಚಬೇಕು” ಅಂದಳು. ಅಷ್ಟು ಸಾಕಾಯಿತು ಅವರಿಗೆ. ಮೊದಲ ಪೆಟ್ಟಿಗೆ ಮಾಡಿದಾಗ ಅದು ತಣ್ಣಗಾಗುವ ಬದಲು ಬಿಸಿಯಾಗಿ ಬೆಣ್ಣೆಯೆಲ್ಲ ಕರಗಿ ಅಂಗಡಿಯವನು ತಮ್ಮನ್ನು ಅಟ್ಟಿಸಿಕೊಂಡು ಬಂದದ್ದು, ಹೆಂಡತಿ ಅಡ್ಡ ನಿಂತು ಬಿಡಿಸಿದ್ದು, ಇವತ್ತಿಗೂ ಸಾರು ಆರಿದರೆ ‘ನಿಮ್ಮ ಪೆಟ್ಟಿಗೇಲಿ ಇಡಿ, ಬಿಸಿಯಾಗುತ್ತೆ’ ಎಂದು ಆಕೆ ಹಂಗಿಸುವುದು, ಎಲ್ಲ ಹೇಳಿದರು. ಅವಳು ಕೇಳಿದಳು. ಗಾಜಿನಾಚೆ ಜೊತೆಗಾರ ಆಕಳಿಸುತ್ತಿದ್ದ. ಬಿಡುವು ಮುಗಿದದ್ದು ಅವಳಿಗೆ ತಿಳಿಯಲೇ ಇಲ್ಲ. ಮೇಸ್ತ್ರಿ ಚಹಾ ತರಿಸಲು ಹೋದರು. ಬೇಡ, ಪರೀಕ್ಷೆಗೆ ತಂದವರಿಂದ ನಾವು ಒಂದು ಲೋಟ ನೀರನ್ನೂ ತಗೊಳ್ಳುವ ಹಾಗಿಲ್ಲ ಅಂದಳು. ಮೇಸ್ತ್ರಿ ನಕ್ಕರು. “ನನ್ನ ಬಾಗಿಲಿಗಿಂತ ನೀವೇ ಬಿಗಿ” ಅಂದರು.

ಅವರ ಬಾಗಿಲು ಬಿಗಿಯಾಗಿರಲಿಲ್ಲ ಅನ್ನುವುದೇನಲ್ಲ. ದೋಷ ಇದ್ದದ್ದು ಬಾಗಿಲ ಚೌಕಟ್ಟಿನಲ್ಲಿ. ಬೆಳಗ್ಗೆ ಕೆಲವು ಸಲ ತೆಗೆದು ಮುಚ್ಚಿದಾಗಲೇ ಅವಳ ಕೈಗೆ ಅದು ಗೊತ್ತಾಗಿತ್ತು. ಚೌಕಟ್ಟು ಬೆಚ್ಚಗಿತ್ತು. ಹೊರಗಿನಿಂದ ಒಳಗಿನವರೆಗೆ ಒಂದೇ ಅಲ್ಯೂಮಿನಿಯಂ ತುಂಡು, ಹೊರಗಿನ ಸೆಕೆಯನ್ನು ನೇರ ಒಳಗೆ ದಾಟಿಸುತ್ತಿತ್ತು, ಒಳಗಿನ ತಂಪನ್ನು ಹೊರಗೆ. ಅದರಿಂದ ಚೌಕಟ್ಟಿನ ಮೇಲೆ ಬೆವರು ಕೂರುತ್ತದೆಂದು ಮೇಸ್ತ್ರಿ ಒಳಗೆ ಕರೆಂಟಿನಿಂದ ಕಾಯುವ ತಂತಿ ಎಳೆದಿದ್ದರು. ಹಾಗಾಗಿ ಪೆಟ್ಟಿಗೆ ಒಂದು ಕೈಯಲ್ಲಿ ಒಲೆ ಹಚ್ಚಿ ಇನ್ನೊಂದು ಕೈಯಲ್ಲಿ ನೀರು ಸುರಿಯುತ್ತಿತ್ತು. ನಡುವೆ ಒಂದು ಪ್ಲಾಸ್ಟಿಕ್ ಪಟ್ಟಿ ಕೂರಿಸಿ ಲೋಹವನ್ನು ತುಂಡರಿಸಿದ್ದರೆ ತಂತಿಯೇ ಬೇಕಾಗುತ್ತಿರಲಿಲ್ಲ. ಇದು ಅವಳೊಬ್ಬಳಿಗೇ ಗೊತ್ತಿದ್ದ ಗುಟ್ಟೇನಲ್ಲ. ಮೀಟರು ನೋಡುವ ಜೊತೆಗಾರನಿಗೂ ಗೊತ್ತು, ಮೇಲಿನ ಸಾಹೇಬರಿಗೂ ಗೊತ್ತು. ಆದರೆ ಅಳೆಯುವವರು ತಿದ್ದುವವರಾಗಬಾರದು ಎಂಬುದು ಅಲ್ಲಿನ ಮೊದಲ ನಿಯಮ. ಇವತ್ತು ಒಬ್ಬರಿಗೆ ದಾರಿ ಹೇಳಿ ನಾಳೆ ಅವರ ಮಾಲಿಗೇ ದರ್ಜೆ ಕೊಟ್ಟರೆ ಆ ದರ್ಜೆಯನ್ನು ಯಾರು ನಂಬುತ್ತಾರೆ? ಇಷ್ಟು ಕರೆಂಟು, ಇಷ್ಟು ಶಾಖ ಎಂದು ಅಂಕಿ ಕೊಡಬೇಕು, ಅಷ್ಟೇ.

ಅಂಕಿ ಕೊಟ್ಟರು. ಮೇಸ್ತ್ರಿಯ ಪೆಟ್ಟಿಗೆ ಜಿಗಿಂತಲೂ ಕೆಳಗಿತ್ತು.

ಮೇಸ್ತ್ರಿ ತಲೆ ಕೆರೆದುಕೊಂಡು, ಕಂಪ್ರೆಸರ್‌ದೇ ಕಿತಾಪತಿ ಇರಬೇಕು ಅಂದರು. ಅವಳು ನೆಲ ನೋಡಿದಳು. ಮೇಸ್ತ್ರಿ ಪೆಟ್ಟಿಗೆಯನ್ನು ಲಾರಿಗೆ ಹತ್ತಿಸಿಕೊಂಡು ಹೋದರು.

ಎರಡು ತಿಂಗಳು ಕಳೆದು ಹೊಸ ಕಂಪ್ರೆಸರ್ ಹಾಕಿ ಮತ್ತೆ ತಂದರು. ಲಾರಿಯಿಂದ ಇಳಿಯುತ್ತಲೇ, “ತಂಗೀ, ಬಂದೆ ನೋಡಿ” ಎಂದು ದೂರದಿಂದಲೇ ಕೂಗಿದರು. ಅವಳಿಗೆ ಎಲ್ಲರೆದುರು ನಾಚಿಕೆಯಾಯಿತು, ಆದರೂ ಆ ದಿನ ಸ್ಟೂಲಿನ ಮೇಲೆ ಕೂತಾಗ ಬೆನ್ನು ನೆಟ್ಟಗಿತ್ತು. ಬಿಡುವಿನಲ್ಲಿ ಇಬ್ಬರೂ ಬೆಂಚಿನ ಎರಡು ತುದಿಯಲ್ಲಿ ತಮ್ಮ ತಮ್ಮ ಡಬ್ಬಿ ಬಿಚ್ಚಿ ಉಂಡರು. ಈ ಸಲ ಅವಳೂ ಮಾತಾಡಿದಳು. ಒಳಕೋಣೆಯಲ್ಲಿ ಕೂತು ಕೂತು ತನಗೆ ಹೊರಗಿನ ಹವೆ ಯಾವುದೆಂದೇ ಮರೆತುಹೋಗುತ್ತದೆ, ಸಂಜೆ ಹೊರಬಂದಾಗ ಮಳೆ ಬಂದು ನಿಂತಿರುತ್ತದೆ, ತನಗೊಬ್ಬಳಿಗೇ ಗೊತ್ತಿರುವುದಿಲ್ಲ ಅಂದಳು. ಯಾಕೆ ಹೇಳಿದಳೋ ಅವಳಿಗೇ ತಿಳಿಯದು. ಮೇಸ್ತ್ರಿ ನಗಲಿಲ್ಲ. ಆಮೇಲಿಂದ ಮೋಡ ಕವಿದಾಗ, ಹನಿ ಬಿದ್ದಾಗ, ಬಿಸಿಲು ಬಂದಾಗ ಎದ್ದು ಕಿಟಕಿಯ ಹತ್ತಿರ ಬಂದು, ಕೈಬೆರಳು ಆಡಿಸಿ, ಅಂಗೈ ಹಣೆಗೆ ಹಿಡಿದು, ಹೊರಗಿನ ಹವೆ ತೋರಿಸಿ ಹೋಗುತ್ತಿದ್ದರು. ಚೌಕಟ್ಟು ಮಾತ್ರ ಅವಳ ಕೈಗೆ ಮೊದಲಿನಷ್ಟೇ ಬೆಚ್ಚಗಿತ್ತು.

ಆ ಸಲವೂ ಪೆಟ್ಟಿಗೆ ಫೇಲಾಯಿತು. ಮೊದಲಿಗಿಂತ ಮೇಲು, ಆದರೂ ಜಿಗಿಂತ ಕೆಳಗೆ. ಮೇಸ್ತ್ರಿ ದೀಪ, ಫ್ಯಾನು ಎಲ್ಲ ಬದಲಾಯಿಸಿ ನೋಡುತ್ತೇನೆ, ಮತ್ತೆ ಬರುತ್ತೇನೆ ಎಂದು ಹೋದರು. ಮುಖ ಇಳಿದಿತ್ತು.

ಅವಳು ಮನೆಗೆ ಬಂದಳು, ದೀಪ ಹಾಕಿದಳು, ಅಕ್ಕಿ ತೊಳೆಯುತ್ತಾ ನಿಂತಳು. ಏನೋ ಸದ್ದು ಕೇಳಿಸಿತು. ತಾನೇ ಗುನುಗುತ್ತಿದ್ದಳು. ಯಾವ ಹಾಡೂ ಅಲ್ಲ, ಸುಮ್ಮನೆ ಒಂದು ರಾಗ. ಅವಳು ನಲ್ಲಿ ನಿಲ್ಲಿಸಿ ಕೈ ನೀರಲ್ಲೇ ಬಿಟ್ಟು ನಿಂತಳು. ಆ ಮನುಷ್ಯ ಸೋತು ಹೋದ ದಿನ ತನಗೆ ಇಷ್ಟು ಹಿತವಾಗುತ್ತಿದೆಯಲ್ಲ, ಯಾಕೆ? ಮತ್ತೆ ಬರುತ್ತೇನೆ ಅಂದದ್ದಕ್ಕೆ. ಪೆಟ್ಟಿಗೆ ಗೆದ್ದರೆ ಅವರು ಯಾಕೆ ಬರುತ್ತಾರೆ? ಇಷ್ಟು ದಿನ ನಿಯಮಕ್ಕಾಗಿ ಬಾಯಿ ಮುಚ್ಚಿಕೊಂಡಿದ್ದೇನೆ ಅಂದುಕೊಂಡಿದ್ದಳು. ನಿಯಮ ಇಲ್ಲದಿದ್ದರೆ ಹೇಳಿಬಿಡುತ್ತಿದ್ದೆನೇ ಎಂದು ಕೇಳಿಕೊಂಡಳು. ಅನ್ನ ಬೆಂದಿತು, ಅವಳಿಗೆ ಸೇರಲಿಲ್ಲ.

ಮಾರನೆಯ ದಿನ ಸಾಹೇಬರ ಕೋಣೆಗೆ ಹೋಗಿ, ಆ ಮೇಸ್ತ್ರಿಯ ಪೆಟ್ಟಿಗೆ ಮತ್ತೆ ಬಂದರೆ ಬಾಗಿಲು ತೆಗೆಯುವುದಕ್ಕೆ ಬೇರೆಯವರನ್ನು ಹಾಕಿ ಅಂದಳು. ಸಾಹೇಬರು ಒಳ್ಳೆಯವರು, ವಯಸ್ಸಿನಲ್ಲಿ ಅವಳಿಗಿಂತ ಚಿಕ್ಕವರು, ಗಾಬರಿಯಾದರು. ಏನಾದರೂ ಕೊಡಲು ಬಂದರಾ, ಕೆಟ್ಟದಾಗಿ ನಡೆದುಕೊಂಡರಾ, ನಿಮ್ಮ ನೆಂಟರಾ ಎಂದು ಒಂದೊಂದೇ ಕೇಳಿದರು. ಎಲ್ಲದಕ್ಕೂ ಇಲ್ಲ ಅಂದಳು.

“ಮತ್ತೆ ಯಾಕಮ್ಮ?”

“ಅವರ ಪೆಟ್ಟಿಗೆ ಫೇಲಾದರೆ ನನಗೆ ಖುಷಿಯಾಗುತ್ತೆ ಸಾರ್.”

ಸಾಹೇಬರು ಅವಳನ್ನೇ ನೋಡಿದರು. ಮುಂದೆ ಏನಾದರೂ ಹೇಳುತ್ತಾಳೋ ಎಂದು ಕಾದರು. ಅವಳು ಹೇಳಲಿಲ್ಲ. ಆಗಲಿ, ಹೇಳಿದ್ದು ಒಳ್ಳೆಯದಾಯಿತು, ಬದಲಾಯಿಸುತ್ತೇನೆ ಅಂದರು. ಮನಸ್ಸಿನಲ್ಲಿ ಏನು ತಿಳಿದರೋ ಅದನ್ನೇ ಮೀಟರಿನ ಜೊತೆಗಾರನಿಗೆ ಹೇಳಿದರು, ಜೊತೆಗಾರ ಜವಾನನಿಗೆ ಹೇಳಿದ, ಮೇಸ್ತ್ರಿ ಮೂರನೇ ಸಲ ಬಂದು, “ತಂಗಿ ಎಲ್ಲಿ?” ಎಂದು ಕೇಳಿದಾಗ ಜವಾನ ಅದನ್ನು ಅವರ ಕಿವಿಗೇ ಹಾಕಿದ. “ನಿಮ್ಮನ್ನ ಕಂಡರೆ ಆಕೆಗೆ ಆಗೋದಿಲ್ಲವಂತೆ. ನಿಮ್ಮ ಮಾಲು ಫೇಲಾಗಲಿ ಅಂತ ಇತ್ತಂತೆ ಆಕೆಗೆ. ಅದಕ್ಕೇ ತೆಗೆದುಹಾಕಿದಾರೆ.”

ಆ ದಿನ ಅವಳನ್ನು ಹಿಂದಿನ ಕೋಣೆಯಲ್ಲಿ ಜೆಲ್ಲಿ ಪ್ಯಾಕೆಟ್ಟು ತೂಗುವುದಕ್ಕೆ ಹಾಕಿದ್ದರು. ಬಿಡುವಿಗೆ ಹೊರಬಂದಳು. ಮೇಸ್ತ್ರಿ ಬೆಂಚಿನ ಮೇಲೆ ಕೂತಿದ್ದರು. ಅವಳನ್ನು ನೋಡಿದರು, ಡಬ್ಬಿಯ ಮುಚ್ಚಳ ಮುಚ್ಚಿದರು, ಎದ್ದು ಹೊರಗಿನ ಗೇಟಿನ ಹತ್ತಿರ ಹೋಗಿ ಬಿಸಿಲಲ್ಲಿ ನಿಂತು ಉಂಡರು. ಅವಳು ಬೆಂಚಿನವರೆಗೆ ಹೋಗಿ ತಿರುಗಿ ಬಂದಳು. ಏನಾಗಿದೆಯೆಂದು ಜವಾನನೇ, ಒಳ್ಳೆಯ ಕೆಲಸ ಮಾಡಿದವನ ಮುಖದಲ್ಲಿ, ಅವಳಿಗೂ ಹೇಳಿದ. ಅವಳು ಜೀವನದಲ್ಲಿ ಒಂದೇ ಒಂದು ಸಲ ಮನಸ್ಸಿನಲ್ಲಿದ್ದದ್ದನ್ನು ಇದ್ದ ಹಾಗೆ ಆಡಿದ್ದಳು, ಅದು ಹೀಗಾಯಿತು. ಪೆಟ್ಟಿಗೆ ಆ ಸಲವೂ ಫೇಲಾಯಿತು. ಲಾರಿ ಹೊರಟಾಗ ಅವಳು ಕಿಟಕಿಯ ಹಿಂದೆ ನಿಂತಿದ್ದಳು. ಮೇಸ್ತ್ರಿ ಡ್ರೈವರ್ ಪಕ್ಕ ಕೂತು ಮುಂದೆ ನೋಡುತ್ತಿದ್ದರು.

ತಿಂಗಳುಗಳು ಕಳೆದವು. ಬೇರೆಯವರ ಫ್ರಿಜ್ಜುಗಳು ಬಂದವು, ಹೋದವು. ಯಾರೂ ಬೆಂಚಿನ ಮೇಲೆ ಕೂರಲಿಲ್ಲ. ಮೊದಲು ಹಿತವಾಗಿದ್ದ ಒಳಕೋಣೆ ಈಗ ಅವಳಿಗೂ, ಬಿಟ್ಟುಹೋದವರು ಅಂದ ಹಾಗೆ, ಜೈಲಾಗಿಯೇ ಕಾಣತೊಡಗಿತು. ಬಾಗಿಲು ತೆಗೆದಾಗ ತಣ್ಣನೆಯ ಗಾಳಿ ಮುಖಕ್ಕೆ ಬಡಿಯುತ್ತಿತ್ತು, ಮುಚ್ಚಿದಾಗ ನಿಲ್ಲುತ್ತಿತ್ತು. ಗಂಡ ಹೋದಾಗ ಚಿಲಕ ಹಿಡಿದು ನಿಂತ ಹಾಗೆಯೇ ಈಗಲೂ ನಿಂತಿದ್ದೇನೆ ಅನ್ನಿಸುತ್ತಿತ್ತು. ತಂಗಿ ಫೋನಿನಲ್ಲಿ, ನಿನ್ನದೇನು ಎಂದು ಕೇಳಿದಾಗ ಆಗಲೂ ಎಲ್ಲ ಹಾಗೇ ಅಂದಳು.

ಕೊನೆಗೆ ಒಂದು ರಜೆಯ ದಿನ ಬೆಳಗ್ಗೆ ಎರಡು ಬಸ್ಸು ಬದಲಿಸಿ ಮೇಸ್ತ್ರಿಯ ಶೆಡ್ಡಿಗೆ ಹೋದಳು. ದಾರಿಯುದ್ದಕ್ಕೂ ಹೇಳಬೇಕಾದದ್ದನ್ನು ಮನಸ್ಸಿನಲ್ಲಿ ಉರು ಹೊಡೆದಳು. ಶೆಡ್ಡಿನ ಬಾಗಿಲಲ್ಲಿ ಹಳೆಯ ಫ್ರಿಜ್ಜುಗಳು ಹೊಟ್ಟೆ ಬಿಚ್ಚಿಕೊಂಡು ನಿಂತಿದ್ದವು. ಒಳಗೆ ಮೇಸ್ತ್ರಿ ನೆಲದ ಮೇಲೆ ಕೂತು ರಬ್ಬರ್ ಪಟ್ಟಿ ಕತ್ತರಿಸುತ್ತಿದ್ದರು. ಪಕ್ಕದಲ್ಲಿ ಅವರ ಹೆಂಡತಿ, ಗಟ್ಟಿ ಹೆಂಗಸು, ಬೆಳ್ಳನೆಯ ಕೂದಲು, ಸ್ಕ್ರೂಗಳನ್ನು ಅಳತೆ ಪ್ರಕಾರ ಬೇರೆ ಮಾಡುತ್ತಿದ್ದರು. ಮೇಸ್ತ್ರಿ ತಲೆಯೆತ್ತಿ ನೋಡಿ ಮತ್ತೆ ಕತ್ತರಿ ಆಡಿಸಿದರು. ಉರು ಹೊಡೆದದ್ದೆಲ್ಲ ಅವಳಿಗೆ ಮರೆತುಹೋಯಿತು.

“ನಿಮ್ಮ ಮೇಲೆ ನನಗೆ ದ್ವೇಷ ಇಲ್ಲ,” ಅಂದಳು ನಿಂತಲ್ಲೇ. “ಪೆಟ್ಟಿಗೆ ಪಾಸಾದರೆ ನೀವು ಮತ್ತೆ ಬರಲ್ಲವಲ್ಲ ಅಂತ ಇತ್ತು. ಅದಕ್ಕೇ ಫೇಲಾದಾಗ ಖುಷಿಯಾಯಿತು. ಹಾಗಾಗಬಾರದು ಅಂತ ನಾನೇ ಹೋಗಿ ತೆಗೆದುಹಾಕಿ ಅಂದೆ. ನನಗೆ ಸರಿಯಾಗಿ ಹೇಳೋಕೆ ಬರಲಿಲ್ಲ.”

ಕತ್ತರಿ ನಿಂತಿತು. ಹೆಂಡತಿ ಸ್ಕ್ರೂ ಡಬ್ಬಿ ಕೆಳಗಿಟ್ಟು ಅವಳನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು.

“ಈ ಮಾತಿನ ಮಲ್ಲನ ಕೊರೆತ ತಪ್ಪಿಸಿಕೊಳ್ಳೋಕೆ ನಾನು ದಾರಿ ಹುಡುಕ್ತಿದ್ದರೆ, ಅದು ಬೇಕು ಅಂತ ಬಸ್ಸು ಹತ್ತಿ ಬಂದವಳು ನೀನೊಬ್ಬಳೇ” ಎಂದು ಒಂದು ಡಬ್ಬ ಬೋರಲು ಹಾಕಿ ಒರೆಸಿ ಕೂರಲು ಕೊಟ್ಟರು. ಮೇಸ್ತ್ರಿ ಕೂಡ ಸಣ್ಣಗೆ ನಕ್ಕರು. ಜವಾನನ ಮಾತು ಕೇಳಿ ತಾವು ಹೊರಗೆ ನಿಂತು ಅನ್ನ ಉಂಡದ್ದು ದೊಡ್ಡ ಮೂರ್ಖತನ ಅಂದರು. ಚಹಾ ಬಂತು. ಪರೀಕ್ಷೆಗೆ ತಂದವರಿಂದ ತಗೊಳ್ಳಬಾರದು ಎಂದು ಅವಳ ಕೈ ಹಿಂಜರಿಯಿತು. ಮೇಸ್ತ್ರಿ ಅದನ್ನು ಗಮನಿಸಿ, ಕುಡಿಯಿರಿ, ನಾನೀಗ ನಿಮ್ಮ ಕೇಂದ್ರದ ಗಿರಾಕಿಯಲ್ಲ, ಪೆಟ್ಟಿಗೆ ಮಾಡುವುದು ಬಿಟ್ಟುಬಿಟ್ಟೆ, ಇನ್ನು ರಿಪೇರಿ ಮಾತ್ರ ಅಂದರು. ಕೆಲಸದವರನ್ನೂ ಬೇರೆ ಕಡೆ ಸೇರಿಸಿಯಾಗಿತ್ತು. ಎಷ್ಟು ಬದಲಾಯಿಸಿದರೂ ಎಲ್ಲಿ ಸೋರುತ್ತಿದೆ ಎಂದು ತಿಳಿಯಲಿಲ್ಲ, ಕೈಯಲ್ಲಿ ಕಸುವಿಲ್ಲ ಎಂದು ಒಪ್ಪಿಕೊಂಡೆ ಅಂದರು. ಹಗುರವಾಗಿಯೇ ಹೇಳಿದರು, ಆದರೆ ಹೇಳುವಾಗ ತಮ್ಮ ಕೈಗಳನ್ನು ನೋಡಿಕೊಂಡರು.

ಅವಳು ಲೋಟ ಕೆಳಗಿಟ್ಟಳು. ಅವರಿನ್ನು ತಯಾರಕರಲ್ಲ, ತನ್ನನ್ನು ಕಟ್ಟಿದ್ದ ನಿಯಮ ಇಲ್ಲಿಗೆ ಬಿಚ್ಚಿತು ಅಂದುಕೊಂಡಳು.

“ಚೌಕಟ್ಟು” ಅಂದಳು. “ಒಂದೇ ತುಂಡು ಇದೆ. ನಡುವೆ ಪ್ಲಾಸ್ಟಿಕ್ ಪಟ್ಟಿ ಕೂರಿಸಬೇಕು. ಕಾಯೋ ತಂತಿ ತೆಗೆದುಬಿಡಬಹುದು.”

ಮೇಸ್ತ್ರಿ ಕೈಯಲ್ಲಿದ್ದ ರಬ್ಬರ್ ಪಟ್ಟಿಯನ್ನು ಕೆಳಗಿಟ್ಟರು.

“ಯಾವಾಗ ಗೊತ್ತಾಯಿತು?”

“ಮೊದಲನೇ ದಿನ.”

“ಪಕ್ಕದಲ್ಲೇ ಕೂತು ಉಂಡೆವಲ್ಲ.”

“ಹೇಳೋ ಹಾಗಿರಲಿಲ್ಲ.”

“ಅದು ಸರಿ. ಹೇಳೋ ಹಾಗಿರಲಿಲ್ಲ.” ಮೇಸ್ತ್ರಿ ಎದ್ದು ಕತ್ತರಿಯನ್ನು ಗೋಡೆಯ ಮೊಳೆಗೆ ಸಿಕ್ಕಿಸಿ ಶೆಡ್ಡಿನ ಹಿಂದಕ್ಕೆ ಹೋದರು. ಬರಲಿಲ್ಲ. ಹೆಂಡತಿ ಅವಳನ್ನು ಬಸ್ ನಿಲ್ದಾಣದವರೆಗೆ ಬಿಟ್ಟು, ನಿಯಮ ಅಂದಮೇಲೆ ನೀನೇನು ಮಾಡುತ್ತಿದ್ದೆ, ಆದರೆ ಅವರಿಗೂ ನೋವು ಆಗುತ್ತಲ್ಲ, ಮುಂದಿನ ವಾರ ಬಾ ಅಂದರು. ಬಾಯಿಮಾತಿಗೆ ಹೇಳಿದರೋ ನಿಜವಾಗಿ ಕರೆದರೋ ಅವಳಿಗೆ ಗೊತ್ತಾಗಲಿಲ್ಲ.

ಆದರೂ ಹೋದಳು. ಅದರ ಮುಂದಿನ ವಾರವೂ ಹೋದಳು. ಹೆಂಡತಿಯ ಜೊತೆ ಕೂತು ಸ್ಕ್ರೂ ಬೇರೆ ಮಾಡಿದಳು, ಹಳೆಯ ಬಾಗಿಲುಗಳ ಗಾಜು ಒರೆಸಿದಳು. ಮೇಸ್ತ್ರಿ ಬೆನ್ನು ತಿರುಗಿಸಿ ಕೆಲಸ ಮಾಡುತ್ತಿದ್ದರು. ಏನಾದರೂ ಹೇಳಬೇಕಾದರೆ ಹೆಂಡತಿಯ ಮೂಲಕ, “ಅವರಿಗೆ ಚಹಾ ಬೇಕಾ ಕೇಳು” ಅನ್ನುತ್ತಿದ್ದರು. ಹೆಂಡತಿ, “ಕಿವಿ ಇದೆ ಅವಳಿಗೆ” ಅನ್ನುತ್ತಿದ್ದರು. ಅವಳನ್ನು ನಾದಿನಿ ಎಂದು ಕರೆಯಲು ಶುರು ಮಾಡಿದ್ದರು. ನಿಮ್ಮ ತಂಗಿಯಾದರೆ ನನಗೆ ನಾದಿನಿ ತಾನೇ, ನಾದಿನಿ ಅಂದಮೇಲೆ ನನಗೂ ಅವಳಿಗೂ ಜಗಳ ಆಗಬೇಕಿತ್ತು, ಅಣ್ಣ ತಂಗಿಯೇ ಮುನಿಸಿಕೊಂಡು ನನ್ನ ಕೆಲಸ ಕಿತ್ತುಕೊಂಡಿರಲ್ಲ ಎಂದು ಬೆನ್ನಿಗೆ ಕೇಳುವ ಹಾಗೆ ಹೇಳುತ್ತಿದ್ದರು. ಬೆನ್ನು ಅಲುಗುತ್ತಿರಲಿಲ್ಲ. ಅವಳಿಗೆ ಆ ಮೌನ ಹೊಸದಾಗಿತ್ತು. ಇಷ್ಟು ವರ್ಷ ತಾನು ಬೇರೆಯವರಿಗೆ ಕೊಟ್ಟಿದ್ದನ್ನು ಈಗ ತಾನು ಉಣ್ಣುತ್ತಿದ್ದಳು. ಗಂಡ ದಿನಾ ಸಂಜೆ ಇದನ್ನು ಎದುರಿಗಿಟ್ಟುಕೊಂಡು ಹೇಗೆ ಕೂತಿದ್ದನೋ ಅನ್ನಿಸಿತು.

ಮಳೆಗಾಲ ಕಳೆಯುತ್ತಿದ್ದಂತೆ ಕೇಂದ್ರಕ್ಕೆ ಲಾರಿಯೊಂದು ಬಂತು. ಇಳಿದದ್ದು ಮೇಸ್ತ್ರಿಯ ಪೆಟ್ಟಿಗೆ. ಶೆಡ್ಡಿನಲ್ಲಿ ಅವಳಿಗೆ ಯಾರೂ ಈ ಸುದ್ದಿ ಹೇಳಿರಲಿಲ್ಲ. ಬಾಗಿಲ ಚೌಕಟ್ಟಿನ ನಡುವೆ ಕಪ್ಪನೆಯ ಪ್ಲಾಸ್ಟಿಕ್ ಪಟ್ಟಿ ಕೂದಲೆಳೆಯಷ್ಟೂ ಸಂದಿಯಿಲ್ಲದೆ ಕೂತಿತ್ತು. ಮೇಸ್ತ್ರಿ ಬಂದಿರಲಿಲ್ಲ, ಡ್ರೈವರ್ ಒಬ್ಬನೇ ಬಂದಿದ್ದ. ಅವಳು ಅಂಗಳದಲ್ಲಿ ಸ್ವಲ್ಪ ಹೊತ್ತು ನಿಂತು, ಸೀದಾ ಸಾಹೇಬರ ಕೋಣೆಗೆ ಹೋದಳು. ಆ ಪಟ್ಟಿಯ ಮಾತು ತಾನೇ ಹೇಳಿದ್ದು, ಅವರು ಕೆಲಸ ಬಿಟ್ಟಿದ್ದೇನೆ ಅಂದಾಗ ಹೇಳಿದೆ, ಈಗ ಮತ್ತೆ ತಂದಿದ್ದಾರೆ ಅಂದಳು. ಈ ಸಲ ಅರ್ಧಕ್ಕೆ ನಿಲ್ಲಿಸಲಿಲ್ಲ. ಹಿಂದೆ ಖುಷಿಯಾಗುತ್ತೆ ಅಂದದ್ದರ ಅರ್ಥವನ್ನೂ ಬಿಡಿಸಿ ಹೇಳಿದಳು. ಸಾಹೇಬರು ಪೆನ್ನನ್ನು ಮೇಜಿನ ಮೇಲೆ ಉರುಳಿಸುತ್ತಾ ಕೇಳಿದರು.

ಬೈಯಲಿಲ್ಲ. ಆದರೆ ಬಿಡಲೂ ಆಗಲಿಲ್ಲ. ಪರೀಕ್ಷೆಯನ್ನು ಇನ್ನೊಂದು ಊರಿನ ಕೇಂದ್ರಕ್ಕೆ ಕಳಿಸಿದರು. ಅವಳನ್ನು ಒಳಕೋಣೆಯಿಂದ ತೆಗೆದು, ಅಂಗಡಿ ಅಂಗಡಿ ತಿರುಗಿ ಫ್ರಿಜ್ಜುಗಳ ಮೇಲೆ ಸರಿಯಾದ ಚೀಟಿ ಇದೆಯೇ ಎಂದು ನೋಡುವ ವಿಭಾಗಕ್ಕೆ ಹಾಕಿದರು. ಸ್ಟೂಲಿನ ಮೇಲೆ ಹೊಸಬಳೊಬ್ಬಳು ಕೂತಳು. ಹೊರಡುವ ದಿನ ಆ ಹೊಸಬಳಿಗೆ, ಬಾಗಿಲನ್ನು ಪ್ರತಿಸಲವೂ ಒಂದೇ ಥರ ಮುಚ್ಚು, ಅಷ್ಟೇ ಎಂದು ಹೇಳಿಕೊಟ್ಟು ಬಂದಳು.

ಹೊಸ ಕೆಲಸದಲ್ಲಿ ದಿನವೆಲ್ಲ ಜನ. ಆದರೆ ಆ ಜನಕ್ಕೆ ಅವಳು ಬೇಕಾದವಳಲ್ಲ. ಕೊರಳಲ್ಲಿ ಗುರುತಿನ ಬಿಲ್ಲೆ ಕಂಡ ಕೂಡಲೇ ಅಂಗಡಿಯವರ ಮಾತು ನಿಲ್ಲುತ್ತಿತ್ತು, ಹರಟುತ್ತಿದ್ದವರು ಚದುರುತ್ತಿದ್ದರು. ಅವಳು ಬಗ್ಗಿ ಚೀಟಿ ಓದಿ, ಗುರುತು ಹಾಕಿಕೊಂಡು, ಮುಂದಿನ ಅಂಗಡಿಗೆ ಹೋಗುತ್ತಿದ್ದಳು. ಮಧ್ಯಾಹ್ನ ಯಾವುದಾದರೂ ಬಸ್ ನಿಲ್ದಾಣದಲ್ಲಿ ಕೂತು ಡಬ್ಬಿ ಬಿಚ್ಚುತ್ತಿದ್ದಳು. 

ಪೆಟ್ಟಿಗೆಗೆ ಇ ದರ್ಜೆ ಸಿಕ್ಕಿತು ಎಂದು ಅವಳಿಗೆ ತಿಳಿದದ್ದು ಮೇಸ್ತ್ರಿಯ ಹೆಂಡತಿಯಿಂದ. ಆಹಾ ಅನ್ನುವಂಥದ್ದಲ್ಲ, ಮಾರಲು ಅಡ್ಡಿಯಿಲ್ಲದ್ದು. ಬೇರೆ ಕಡೆ ಹೋದ ಕೆಲಸದವರಲ್ಲಿ ಇಬ್ಬರು ವಾಪಸು ಬರುತ್ತಾರಂತೆ. ಅವಳ ಕೆಲಸ ಬದಲಾದದ್ದು ಹೇಗೆ ಎಂದು ಹೆಂಡತಿ ಕೇಳಿ ತಿಳಿದುಕೊಂಡರು. ಅದನ್ನು ಗಂಡನಿಗೆ ಹೇಳಿದರೋ ಇಲ್ಲವೋ ಅವಳು ಕೇಳಲಿಲ್ಲ.

ಆ ಭಾನುವಾರ ಅವಳು ಶೆಡ್ಡಿಗೆ ಹೋದಾಗ ಹೆಂಡತಿ ಒಳಗೆ ಅಡುಗೆಯಲ್ಲಿದ್ದರು. ಮೇಸ್ತ್ರಿ ಉದ್ದನೆಯ ತಗಡಿನ ಹಾಳೆಯೊಂದನ್ನು ಒಬ್ಬರೇ ಮೇಜಿನ ಮೇಲೆ ಎಳೆಯುತ್ತಿದ್ದರು. ಅದು ಈ ಕಡೆ ಎತ್ತಿದರೆ ಆ ಕಡೆ ಜೋಲುತ್ತಿತ್ತು. ಅವಳು ಬಾಗಿಲಲ್ಲೇ ನಿಂತಳು. ಮೇಸ್ತ್ರಿ ತಲೆಯೆತ್ತದೆ, “ನೋಡ್ತಾ ನಿಂತ್ಕೊಂಡರೆ ಹೇಗೆ ತಂಗೀ, ಆ ಕಡೆ ಸ್ವಲ್ಪ ಹಿಡ್ಕೋ” ಅಂದರು.

ಅವಳು ಚೀಲ ಕೆಳಗಿಟ್ಟು ಹಿಡಿದಳು. ಮೇಸ್ತ್ರಿ ಗೆರೆ ಎಳೆದರು, ಕತ್ತರಿಸಿದರು, ಬಾಗಿಸಿದರು. ಎಡಕ್ಕೆ, ಬಲಕ್ಕೆ, ಇನ್ನೂ ಸ್ವಲ್ಪ ಎತ್ತು, ಸಾಕು. ಇಷ್ಟೇ ಮಾತು. ಚೌಕಟ್ಟಿನ ಸುದ್ದಿ ಅವರೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ. ಊಟಕ್ಕೆ ಕೂತಾಗ ಮಾತ್ರ ಹಳೆಯ ಹಾಗೆ ಯಾವುದೋ ಅಂಗಡಿಯವನ ಕಥೆ ತೆಗೆದರು. ನಡುವೆ ಒಮ್ಮೆ ನಿಲ್ಲಿಸಿ ಅವಳ ಕಡೆ ನೋಡಿದರು. “ನನಗೆ ಇದು ಕೇಳೋಕೆ ಇಷ್ಟ” ಅಂದಳು ಅವಳು. ಮೇಸ್ತ್ರಿಗೆ ಅದು ವಿಚಿತ್ರವಾಗಿ ಕಂಡಿರಬೇಕು. ಇಷ್ಟವಿದ್ದರೆ ಕೇಳು ಎಂದು ಮುಂದುವರಿಸಿದರು.

ಸಂಜೆ ಮನೆಗೆ ಬಂದಾಗ ಮೆಟ್ಟಿಲಲ್ಲಿ ಯಾರೂ ಇರಲಿಲ್ಲ. ಬಾಗಿಲು ತೆಗೆದಳು, ದೀಪ ಹಾಕಿದಳು. ಬೆಳಗ್ಗೆ ಬಿಟ್ಟುಹೋದ ಲೋಟ ಬಿಟ್ಟಲ್ಲೇ ಇತ್ತು, ಕುರ್ಚಿ ಇದ್ದಲ್ಲೇ ಇತ್ತು. ಅಂಗೈಯಲ್ಲಿ ತಗಡಿನ ಅಂಚು ಒತ್ತಿದ ಕೆಂಪು ಗೆರೆ ಉರಿಯುತ್ತಿತ್ತು. ಅದನ್ನು ನಲ್ಲಿಯ ಕೆಳಗೆ ಹಿಡಿದಿದ್ದಾಗ ತಂಗಿಯ ಫೋನ್ ಬಂತು. ಮಕ್ಕಳದ್ದು, ಅತ್ತೆಯದ್ದು ಎಲ್ಲ ಆಯಿತು.

“ಮತ್ತೆ ಅಕ್ಕ, ನಿನ್ನದೇನು?”

“ಇವತ್ತು ಅಣ್ಣನ ಶೆಡ್ಡಿಗೆ ಹೋಗಿದ್ದೆ. ಕೈಗೆ ಸ್ವಲ್ಪ ತಗಡು ತಾಗಿತು.”

“ಅಣ್ಣನಾ? ನಮಗೆ ಯಾವ ಅಣ್ಣ?”

ಎಲ್ಲಿಂದ ಶುರು ಮಾಡಬೇಕೆಂದು ಅವಳಿಗೆ ತೋಚಲಿಲ್ಲ. ಒಳಕೋಣೆ, ಬೆಂಚು, ಬೆಚ್ಚಗಿದ್ದ ಚೌಕಟ್ಟು, ಇದನ್ನೆಲ್ಲ ಫೋನಿನಲ್ಲಿ ಹೇಳಿದರೆ ಯಾರಿಗೆ ಅರ್ಥವಾದೀತು? “ಒಬ್ಬರಿದ್ದಾರೆ” ಅಂದಳು. ತಂಗಿ ಕಾಯುತ್ತಿದ್ದಳು. ಅವಳು ಕುರ್ಚಿಯನ್ನು ಎಳೆದುಕೊಂಡು ಕೂತು, ಇದ್ದದ್ದನ್ನು ಇದ್ದ ಹಾಗೆ ಹೇಳಲು ಶುರು ಮಾಡಿದಳು.